ಕೊಟ್ಟಿಗೆಯಲ್ಲೊಂದು ಯೆಜ್ಡಿ, ಕೈಯಲ್ಲೊಂದು ಗ್ರೈಂಡರ್

ಗ್ರೈಂಡರಿನ ಭಾರ ಮಣಿಕಟ್ಟಿಗೆ ಇಳಿಯುತ್ತಿದೆ. ಸ್ವಿಚ್ಚಿನ ಮೇಲೆ ಹೆಬ್ಬೆರಳಿದೆ, ಇನ್ನೂ ಒತ್ತಿಲ್ಲ. ಕೊಟ್ಟಿಗೆಯ ತೊಲೆಯಿಂದ ಇಳಿಬಿಟ್ಟ ಬಲ್ಬು ಸಣ್ಣಗೆ ತೂಗುತ್ತಿದೆ. ಅದರ ಬೆಳಕಿನಲ್ಲಿ, ಸಂಜೆ ನೀವೇ ಸೀಮೆಸುಣ್ಣದಿಂದ ಎಳೆದ ಗೆರೆ ಬೆಳ್ಳಗೆ ಕಾಣುತ್ತಿದೆ. ಗೆರೆ ಬಿದ್ದಿರುವುದು ಯೆಜ್ಡಿಯ ಚಾಸಿಸ್ ಮೇಲೆ, ಸೀಟನ್ನು ಹೊತ್ತು ಎರಡು ಶಾಕ್ ಅಬ್ಸಾರ್ಬರ್‌ಗಳ ತಲೆಯನ್ನು ಹಿಡಿದಿರುವ ಆ ಬಾಗಿದ ಪೈಪಿನ ಮೇಲೆ. ಅಲ್ಲಿಂದ ಹಿಂದಿನದೆಲ್ಲ ಹೋದರೆ ಗಾಡಿ ಗಿಡ್ಡವಾಗುತ್ತದೆ, ಬಾಲ ಕುಗ್ಗುತ್ತದೆ, ಹಿಂದಿನ ಚಕ್ರ ಬರಿಮೈಯಲ್ಲಿ ನಿಲ್ಲುತ್ತದೆ. ಬಾಬರ್ ಆಗುತ್ತದೆ. ಹೊರಗೆ ಹೊಳೆನರಸೀಪುರ ಮಲಗುವ ಹೊತ್ತು. ಹೇಮಾವತಿಯ ಕಡೆಯಿಂದ ಬರುವ ತಂಪುಗಾಳಿ ಬಾಗಿಲ ಸಂದಿಯಲ್ಲಿ ನುಗ್ಗಿ ಕಣಕಾಲಿಗೆ ತಾಗುತ್ತದೆ.

ಆ ಗಾಳಿಯೇ ನಿಮ್ಮನ್ನು ಕಾಪಾಡುತ್ತದೆ. ಅದು ನೆಲದ ಮೇಲಿಂದ ಒಂದು ವಾಸನೆಯನ್ನು ಎತ್ತಿ ಮೂಗಿಗೆ ತರುತ್ತದೆ.

ಪೆಟ್ರೋಲ್.

ಉಸಿರು ಹಿಡಿದು ಕೇಳಿ. ಟಪ್. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಟಪ್. ಟ್ಯಾಂಕಿನ ಕೆಳಗಿನ ಟ್ಯಾಪ್ ಮುಚ್ಚಿಯೇ ಇದೆ, ಆದರೆ ಒಳಗಿನ ವಾಶರ್ ಒಣಗಿ ಬಿರಿದಿದೆ. ಹನಿ ಟ್ಯಾಪಿನಿಂದ ಕಾರ್ಬೊರೇಟರಿಗೆ, ಕಾರ್ಬೊರೇಟರಿನಿಂದ ಎಂಜಿನ್ನಿನ ಬೆನ್ನಿಗೆ, ಅಲ್ಲಿಂದ ಮಣ್ಣುನೆಲಕ್ಕೆ ಇಳಿದಿದೆ. ನಿಮ್ಮ ಬಲಮಂಡಿ ಊರಿರುವ ಜಾಗವೇ ಒದ್ದೆ. ಗ್ರೈಂಡರ್ ತಿರುಗಿದ್ದರೆ ಕಿಡಿಗಳು ಹಾರುತ್ತಿದ್ದದ್ದು ನೇರ ಆ ಒದ್ದೆಯ ಮೇಲೆ. ಬೆನ್ನುಹುರಿಯ ಬುಡದಿಂದ ಕತ್ತಿನವರೆಗೆ ಒಂದು ಚಳಿ ಏರುತ್ತದೆ. ಹೆಬ್ಬೆರಳನ್ನು ನಿಧಾನವಾಗಿ ತೆಗೆಯಿರಿ. ಗ್ರೈಂಡರನ್ನು ಹೊರಗೆ ಇಡಿ. ಎರಡೂ ಬಾಗಿಲು ತೆರೆಯಿರಿ. ಟ್ಯಾಂಕಿನ ಪೆಟ್ರೋಲನ್ನು ಕ್ಯಾನಿಗೆ ಇಳಿಸಿ ಅಂಗಳದಾಚೆ ಒಯ್ಯಿರಿ, ಒದ್ದೆ ನೆಲಕ್ಕೆ ಮರಳು ಚೆಲ್ಲಿ.

ಈ ರಾತ್ರಿ ಕತ್ತರಿಸುವ ಕೆಲಸವಿಲ್ಲ. ಬಾಬರ್ ಆಗುವ ಮೊದಲು ಇದು ಓಡುವ ಗಾಡಿಯಾಗಬೇಕು.

ನಿಮ್ಮ ಮುಂದೆ ನಿಂತಿರುವುದು 248.5 ಸಿಸಿಯ ಒಂದೇ ಸಿಲಿಂಡರಿನ ಟು-ಸ್ಟ್ರೋಕ್. ಬೋರ್ 65 ಮಿ.ಮೀ., ಸ್ಟ್ರೋಕ್ 75. ಸಿಲಿಂಡರ್ ಒಂದೇ ಆದರೂ ಸೈಲೆನ್ಸರ್ ಎರಡು. ಹುಟ್ಟಿದ ಊರು ಇಲ್ಲಿಂದ ನೂರು ಕಿಲೋಮೀಟರಿನೊಳಗೇ ಇದೆ, ಮೈಸೂರಿನ ಯಾದವಗಿರಿ. ಆಗಿನ ಚೆಕೊಸ್ಲೊವಾಕಿಯಾದ ಜಾವಾ ಕಂಪನಿಯ ಪರವಾನಗಿ ಪಡೆದು ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಅಲ್ಲಿ ಬೈಕು ತಯಾರಿಸತೊಡಗಿತು. ಅದನ್ನು ಉದ್ಘಾಟಿಸಿದವರು ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರು. 1973ರಿಂದ ಟ್ಯಾಂಕಿನ ಮೇಲೆ ಜಾವಾ ಬದಲು ಯೆಜ್ಡಿ ಎಂಬ ಹೆಸರು ಬಂತು. 1996ರಲ್ಲಿ ಬಾಗಿಲು ಮುಚ್ಚಿತು. ಅಷ್ಟರೊಳಗೆ ಹಾಸನ ಸೀಮೆಯ ತೋಟದವರು, ಮೇಷ್ಟ್ರುಗಳು, ಹೊಗೆಸೊಪ್ಪಿನ ರೈತರು ಈ ಗಾಡಿಯ ಮೇಲೆ ಒಂದು ಕಾಲವನ್ನೇ ಕಳೆದಿದ್ದರು.

ಬಾಬರ್ ಎಂಬ ರೂಪ ಬಂದದ್ದು ಇನ್ನೂ ದೂರದಿಂದ. 1930-40ರ ದಶಕಗಳಲ್ಲಿ ಅಮೆರಿಕದ ಹುಡುಗರು ತಮ್ಮ ಭಾರದ ಬೈಕುಗಳ ಮಡ್‌ಗಾರ್ಡ್ ಕತ್ತರಿಸಿ, ಹಿಂದಿನ ಸೀಟು ಕಿತ್ತು, ಓಟಕ್ಕೆ ಬೇಡದ್ದನ್ನೆಲ್ಲ ಎಸೆದರು. ತಗ್ಗು ಸೀಟು, ಒಬ್ಬರಿಗಷ್ಟೇ ಜಾಗ, ದಪ್ಪ ಟೈರು, ತುಂಡು ಮಡ್‌ಗಾರ್ಡ್. 2019ರ ನವೆಂಬರಿನಲ್ಲಿ ಹೊಸ ಜಾವಾ ಕಂಪನಿ 334 ಸಿಸಿಯ 'ಪೆರಾಕ್' ತಂದು, ಕಾರ್ಖಾನೆಯಲ್ಲೇ ಮಾಡಿದ ಬಾಬರನ್ನು ನಮ್ಮ ಅಂಗಡಿಗಳಲ್ಲಿ ನಿಲ್ಲಿಸಿತು. ಅದನ್ನು ನೋಡಿದ ಮೇಲೆಯೇ ಅಟ್ಟದಡಿಯ ಹಳೇ ಯೆಜ್ಡಿಯ ಮೇಲೆ ಎಷ್ಟೋ ಜನರ ಕಣ್ಣು ಬಿದ್ದದ್ದು. ನಿಮ್ಮದೂ ಬಿದ್ದಿದೆ. ನೋಡಲು ಹೊರಟರೆ ಅರ್ಧ ಬಾಬರ್ ಆಗಲೇ ಇದರೊಳಗಿದೆ. ಹಳೇ ಜಾವಾ ಮತ್ತು ಮೊದಮೊದಲ ಯೆಜ್ಡಿಗಳ ಚಕ್ರ 16 ಇಂಚಿನದು. ಟ್ಯಾಂಕ್ ದುಂಡಗೆ, ಮೈ ತಗ್ಗಿಗಿದೆ. ಹೆಚ್ಚೇನೂ ಸೇರಿಸಬೇಕಿಲ್ಲ. ಎಷ್ಟು ತೆಗೆಯಬೇಕು ಎಂಬುದೊಂದೇ ಪ್ರಶ್ನೆ.

ಬೆಳಕು ಹರಿದಿದೆ. ಬಲಬದಿಯ ಮುಚ್ಚಳದ ಸ್ಕ್ರೂ ಬಿಚ್ಚಿ. ಒಳಗೆ ಡೈನಮೊ, ಅದರ ಮುಖದ ಮೇಲೆ ಪಾಯಿಂಟ್. ಹಳೇ ಗ್ರೀಸಿನ ಸಿಹಿಗಪ್ಪು ವಾಸನೆ ಮುಖಕ್ಕೆ ಹೊಡೆಯುತ್ತದೆ. ಎರಡು ಚಿಕ್ಕ ಲೋಹದ ತುದಿಗಳು ಒಂದನ್ನೊಂದು ಮುಟ್ಟಿ ಬಿಡುವ ಆ ಕ್ಷಣದಲ್ಲೇ ಕಿಡಿ ಹುಟ್ಟುವುದು. ತುದಿಗಳು ಸುಟ್ಟು ಗುಳಿ ಬಿದ್ದಿವೆ. ಸಣ್ಣ ಎಮರಿ ಕಾಗದ ಮಡಚಿ ನಡುವೆ ತೂರಿಸಿ ಎಳೆಯಿರಿ, ಮತ್ತೆ ಎಳೆಯಿರಿ, ಬೆಳ್ಳಿಬಣ್ಣ ಬರುವವರೆಗೆ. ಫೀಲರ್ ಗೇಜಿನ 0.4 ಮಿ.ಮೀ. ಎಲೆ ಅಲ್ಲಿ ಸ್ವಲ್ಪವೇ ಉಜ್ಜಿಕೊಂಡು ಜಾರಬೇಕು. ಸಡಿಲವಾದರೆ ತಪ್ಪು, ಬಿಗಿಯಾದರೂ ತಪ್ಪು. ಬೆರಳತುದಿ ಒಂದೆರಡು ಸಲ ಸೋತು ಆಮೇಲೆ ಕಲಿಯುತ್ತದೆ.

ಈಗ ಟೈಮಿಂಗ್. ಪ್ಲಗ್ ಬಿಚ್ಚಿದ ತೂತಿನಲ್ಲಿ ಒಂದು ಸೈಕಲ್ ಸ್ಪೋಕ್ ಇಳಿಬಿಡಿ. ಅದರ ತುದಿ ಪಿಸ್ಟನ್ನಿನ ತಲೆಯ ಮೇಲೆ ಕೂರುತ್ತದೆ. ಎಂಜಿನ್ನನ್ನು ಕೈಯಿಂದ ಮೆಲ್ಲನೆ ತಿರುಗಿಸಿದರೆ ಸ್ಪೋಕ್ ಏರುತ್ತದೆ, ಏರುತ್ತದೆ, ನಿಲ್ಲುತ್ತದೆ. ಅದು ಟಾಪ್. ಗುರುತು ಹಾಕಿ. ಹಿಂದಕ್ಕೆ ತಿರುಗಿಸಿ ಸುಮಾರು 3 ಮಿ.ಮೀ. ಇಳಿಸಿ. ಆ ಎತ್ತರದಲ್ಲಿ ಪಾಯಿಂಟ್ ಬಾಯಿ ಬಿಡಬೇಕು. ಅದು ಕಣ್ಣಿಗೆ ಕಾಣುವಂಥದ್ದಲ್ಲ. ಹಳೇ ಮೆಕ್ಯಾನಿಕ್‌ಗಳು ಸಿಗರೇಟಿನ ತೆಳು ಕಾಗದವನ್ನು ಪಾಯಿಂಟಿನ ನಡುವೆ ಕಚ್ಚಿಸಿ ಮೆಲ್ಲಗೆ ಎಳೆದು ಹಿಡಿಯುತ್ತಾರೆ. ನೀವೂ ಹಿಡಿಯಿರಿ. ಒಂದು ಕೈ ಎಂಜಿನ್ ತಿರುಗಿಸುತ್ತಿದೆ, ಇನ್ನೊಂದು ಕೈಯ ಎರಡು ಬೆರಳು ಕಾಗದದ ಮೇಲಿವೆ. ಬರುತ್ತಿಲ್ಲ. ಬರುತ್ತಿಲ್ಲ. ಬಂತು. ಕಾಗದ ಸದ್ದಿಲ್ಲದೆ ಕೈಗೆ ಜಾರಿತು. ಮೈಸೂರಿನಲ್ಲಿ ಯಾರೋ ಕೆಲಸಗಾರ ಮೊದಲ ಬಾರಿ ಕೂರಿಸಿದ ಕ್ಷಣವನ್ನು ನಿಮ್ಮ ಬೆರಳು ಮತ್ತೆ ಅಲ್ಲಿಗೇ ತಂದು ಕೂರಿಸಿದೆ.

ಸೈಲೆನ್ಸರ್‌ಗಳ ಹಿಂತುದಿಯ ಬೋಲ್ಟ್ ಬಿಚ್ಚಿ ಒಳಗಿನ ಬ್ಯಾಫಲ್ ಎಳೆಯಿರಿ. ಸುಲಭಕ್ಕೆ ಬರುವುದಿಲ್ಲ. ವರ್ಷಗಟ್ಟಲೆಯ ಮಸಿ, ಎಣ್ಣೆ ಗಟ್ಟಿಯಾಗಿ ಅದನ್ನು ಕಚ್ಚಿ ಹಿಡಿದಿವೆ. ತಿರುಚಿ, ಸೀಮೆಎಣ್ಣೆ ಬಿಟ್ಟು, ಮತ್ತೆ ತಿರುಚಿ ಎಳೆದಾಗ ಕಪ್ಪು ಕೊಳವೆಯೊಂದು ಕೈಗೆ ಬರುತ್ತದೆ, ತೂತುಗಳೆಲ್ಲ ಕಟ್ಟಿಹೋಗಿವೆ. ಬಚ್ಚಲೊಲೆಯಲ್ಲಿ ಹಂಡೆ ಕಾಯುತ್ತಿದೆಯಲ್ಲ, ತೆಂಗಿನ ಮಟ್ಟೆಯ ಕೆಂಡದೊಳಗೆ ಅದನ್ನು ತೂರಿಸಿ. ಮಸಿ ತಾನೇ ಹೊತ್ತಿಕೊಂಡು ಉರಿಯುತ್ತದೆ. ಸುಟ್ಟ ಎಣ್ಣೆಯ ಘಾಟು ಮನೆಯವರನ್ನೆಲ್ಲ ಅಂಗಳಕ್ಕೆ ಎಳೆದು ತರುತ್ತದೆ. ತಣಿದ ಮೇಲೆ ಕಲ್ಲಿಗೆ ತಟ್ಟಿದರೆ ಚಕ್ಕೆ ಚಕ್ಕೆಯಾಗಿ ಉದುರುತ್ತದೆ. ಬಾಬರ್ ಮಾಡುವವರಲ್ಲಿ ಹಲವರು ಈ ಉದ್ದ ಸೈಲೆನ್ಸರನ್ನು ಅರ್ಧಕ್ಕೆ ತುಂಡರಿಸುತ್ತಾರೆ. ಬೇಡ. ಟು-ಸ್ಟ್ರೋಕ್ ಎಂಜಿನ್ನಿಗೆ ಸೈಲೆನ್ಸರ್ ಬರೀ ಸದ್ದು ಅಡಗಿಸುವ ಡಬ್ಬಿಯಲ್ಲ. ಹೊರಗೆ ಓಡುವ ಹೊಗೆಯ ಒತ್ತಡದ ಅಲೆ ಅಲ್ಲಿ ತಿರುಗಿ ಬಂದು, ಸಿಲಿಂಡರಿನಿಂದ ತಪ್ಪಿಸಿಕೊಳ್ಳುವ ಹೊಸ ಪೆಟ್ರೋಲ್-ಗಾಳಿಯನ್ನು ಒಳಕ್ಕೆ ತಳ್ಳುತ್ತದೆ. ಉದ್ದ ಕಡಿದರೆ ಸದ್ದು ಹೆಚ್ಚುತ್ತದೆ, ಎಳೆತ ಇಳಿಯುತ್ತದೆ.

ಸಿಲಿಂಡರ್ ಮಾತ್ರ ಮನೆಯ ಕೆಲಸವಲ್ಲ. ಅದನ್ನು ಬಟ್ಟೆಯಲ್ಲಿ ಸುತ್ತಿ ಹಾಸನದ ಬಿ.ಎಂ. ರಸ್ತೆಯ ಕಡೆ ಲೇತ್ ಇರುವಲ್ಲಿಗೆ ಒಯ್ಯುತ್ತೀರಿ. ಲೇತಿನವರು ಮಾತಾಡುವುದಿಲ್ಲ. ಬೋರಿನೊಳಗೆ ಬೆರಳು ಆಡಿಸಿ, ಮೇಲ್ಭಾಗದಲ್ಲಿ ಉಗುರಿಗೆ ತಾಗುವ ಅಂಚನ್ನು ನಿಮಗೂ ಮುಟ್ಟಿಸಿ ತಲೆಯಾಡಿಸುತ್ತಾರೆ. ರಿಂಗ್ ಉಜ್ಜಿ ಉಜ್ಜಿ ಕೆಳಗಿನದು ತೇದು, ಮೇಲೆ ಉಳಿದ ಅಂಚು ಅದು. ದೊಡ್ಡ ಪಿಸ್ಟನ್ನಿನ ಸೈಜ್ 0.25, 0.50, 0.75, ಕೊನೆಗೆ 1.00 ಮಿ.ಮೀ. ಪ್ರತಿ ಸಲ ಬೋರ್ ಹೊಡೆಸಿದಾಗಲೂ ಈ ಕಬ್ಬಿಣದ ಆಯುಷ್ಯದಲ್ಲಿ ಒಂದು ಮೆಟ್ಟಿಲು ಕಳೆಯುತ್ತದೆ. 0.50ರ ಪಿಸ್ಟನ್ ಸಾಕು ಎನ್ನುತ್ತಾರೆ. ಯಂತ್ರ ತಿರುಗುತ್ತದೆ, ಬೂದುಬಣ್ಣದ ಪುಡಿ ಉದುರುತ್ತದೆ, ಬಿಸಿ ಕಬ್ಬಿಣದ ವಾಸನೆ ಏಳುತ್ತದೆ. ಹೊರಗೆ ಆಲೂಗೆಡ್ಡೆ ತುಂಬಿದ ಲಾರಿಗಳು ಹಾದುಹೋಗುತ್ತಿವೆ.

ಮತ್ತೆ ಕೊಟ್ಟಿಗೆ. ಹೊಸ ರಿಂಗಿಗೆ ಎಣ್ಣೆ ಸವರಿ, ಬೆರಳಲ್ಲಿ ಅದುಮಿ, ಸಿಲಿಂಡರನ್ನು ಪಿಸ್ಟನ್ನಿನ ಮೇಲೆ ಇಳಿಸುವಾಗ ಉಸಿರು ತಾನಾಗಿ ನಿಲ್ಲುತ್ತದೆ. ರಿಂಗ್ ಗಾಜಿನಂತೆ ಪಟ್ಟನೆ ಮುರಿಯುತ್ತದೆ. ಇಳಿಯಿತು. ಹೆಡ್ಡಿನ ನಟ್‌ಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಟ್ಯಾಂಕಿಗೆ ಹೊಸ ವಾಶರ್ ಹಾಕಿದ ಟ್ಯಾಪ್. ಲೀಟರ್ ಪೆಟ್ರೋಲಿಗೆ 40 ಮಿ.ಲೀ. ಟು-ಟಿ ಎಣ್ಣೆ, ಕ್ಯಾನಿನಲ್ಲೇ ಚೆನ್ನಾಗಿ ಕುಲುಕಿ ಹಾಕಿ. ಈ ಎಂಜಿನ್ನಿಗೆ ಬೇರೆ ಎಣ್ಣೆಯ ದಾರಿಯಿಲ್ಲ. ಕ್ರ್ಯಾಂಕಿಗೂ ಪಿಸ್ಟನ್ನಿಗೂ ಎಣ್ಣೆ ಬರುವುದು ಪೆಟ್ರೋಲಿನ ಜೊತೆಯಲ್ಲೇ. ಈ ಮಾತು ನೆನಪಿನಲ್ಲಿರಲಿ. ಇನ್ನು ಸ್ವಲ್ಪ ಹೊತ್ತಿಗೆ ನಿಮ್ಮ ಜೀವ ಇದರ ಮೇಲೆ ನಿಲ್ಲುತ್ತದೆ.

ಎಡಗಡೆಯ ಲಿವರನ್ನು ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿ. ಗೇರ್ ಹಾಕುವ ಲಿವರೇ ಈಗ ಕಿಕ್ಕರ್. ಈ ಗಾಡಿಯ ಗುರುತೇ ಅದು. ಹಿಮ್ಮಡಿ ಇಟ್ಟು ಒದೆಯಿರಿ. ಏನೂ ಇಲ್ಲ. ಮತ್ತೆ. ಒಂದು ಕೆಮ್ಮು. ಮತ್ತೆ ಒದ್ದಾಗ ಲಿವರ್ ತಿರುಗಿ ಹೊಡೆದು ಮುಂಗಾಲಿನ ಮೂಳೆ ಝುಮ್ಮೆನ್ನುತ್ತದೆ, ಕಣ್ಣಲ್ಲಿ ನೀರು ಬರುತ್ತದೆ. ಹಲ್ಲು ಕಚ್ಚಿ ಇನ್ನೊಮ್ಮೆ. ಡುಗ್. ಡುಗ್ ಡುಗ್. ಎರಡೂ ಸೈಲೆನ್ಸರ್ ಬಿಳಿಹೊಗೆ ಉಗುಳಿ ಕೊಟ್ಟಿಗೆಯೇ ಕಾಣದಾಗುತ್ತದೆ. ಹೊಸ ಬೋರಿನ ಎಣ್ಣೆ ಸುಡುವಷ್ಟು ಹೊತ್ತು ಈ ಹೊಗೆ ಸಹಜ. ಆಮೇಲೂ ತಿಳಿಯಾಗದಿದ್ದರೆ, ಗೇರ್ ಬಾಕ್ಸಿನ ಎಣ್ಣೆಯೂ ಇಳಿಯುತ್ತಿದ್ದರೆ, ಕ್ರ್ಯಾಂಕಿನ ಎಡಗಡೆಯ ಸೀಲ್ ಹೋಗಿದೆ ಎಂದರ್ಥ. ನಿಮ್ಮದು ತಿಳಿಯಾಗುತ್ತಿದೆ. ಹೊಗೆಯ ನಡುವೆ ನಿಂತು ನಗುತ್ತಿದ್ದೀರಿ, ಬಾಯಿಯೊಳಗೆ ಎಣ್ಣೆಯ ರುಚಿ.

ಸೀಟು ಸಿಗುವುದು ಅರಕಲಗೂಡಿನ ಆಚೆ, ರಾಮನಾಥಪುರದ ಕಡೆಯ ಒಂದು ಹೊಗೆಸೊಪ್ಪಿನ ಬ್ಯಾರನ್ನಿನಲ್ಲಿ. ಸೊಪ್ಪು ಹದ ಮಾಡುವ ಕಾಲ. ಬಸ್ಸಿನಿಂದಿಳಿದಾಗಲೇ ಗಾಳಿಯಲ್ಲಿ ಬೆಂದ ಎಲೆಯ ಸಿಹಿಕಹಿ ವಾಸನೆ ಗಂಟಲಿಗಿಳಿಯುತ್ತದೆ. ಒಲೆಯ ಬಾಯಿಗೆ ಸೌದೆ ಇಡುತ್ತಿದ್ದ ಯಜಮಾನರು ಮೂಲೆಯ ಗೋಣಿ ಸರಿಸುತ್ತಾರೆ. ಹಳೇ ಬುಲೆಟ್ಟಿನ ಸ್ಪ್ರಿಂಗ್ ಸೀಟು, ಚರ್ಮ ಹರಿದಿದೆ, ಸ್ಪ್ರಿಂಗ್ ಗಟ್ಟಿಯಾಗಿದೆ. ಪಕ್ಕದಲ್ಲೇ ಒಂದು ಯೆಜ್ಡಿಯ ಹಿಂದಿನ ಮಡ್‌ಗಾರ್ಡ್, ನೆಗ್ಗಿ ತುಕ್ಕು ಹಿಡಿದದ್ದು. ಅದನ್ನೂ ಕೇಳಿ ತೆಗೆದುಕೊಳ್ಳಿ. ಕತ್ತರಿಸುವುದಾದರೆ ಇದನ್ನು ಕತ್ತರಿಸಬಹುದು.

ಈಗ ಬಂತು ಆ ಹೊತ್ತು. ಟ್ಯಾಂಕ್ ಬಿಚ್ಚಿ ಮನೆಯೊಳಗಿದೆ, ನೆಲ ಒಣಗಿದೆ, ಕೈಯಲ್ಲಿ ಗ್ರೈಂಡರ್, ಕಣ್ಣಿಗೆ ಕನ್ನಡಕ. ಚಾಸಿಸ್ ಮೇಲೆ ಸೀಮೆಸುಣ್ಣದ ಗೆರೆ ಇನ್ನೂ ಅಳಿಸಿಲ್ಲ. ಆ ಪೈಪಿಗೆ ಬೆರಳು ತಾಗಿಸಿ ನೋಡಿ. ಅದನ್ನು ಕಡಿದು, ಶಾಕ್ ಅಬ್ಸಾರ್ಬರ್ ತೆಗೆದು, ಹಿಂದಿನ ಚಕ್ರವನ್ನು ಸರಳುಗಳಿಂದ ನೇರ ಚಾಸಿಸ್ಸಿಗೆ ಬೆಸೆಯುವವರಿದ್ದಾರೆ. ಅಮೆರಿಕದ ಹಳೇ ಬಾಬರ್‌ಗಳು ಹಾಗಿದ್ದವು, ನಿಜ. ಆದರೆ ನಿಮ್ಮ ಬೆನ್ನು ಹೊಳೆನರಸೀಪುರದಿಂದ ಅರಕಲಗೂಡಿಗೆ ಹೋಗಬೇಕಾದದ್ದು. ಪ್ರತಿ ಊರಿನ ಬಾಯಿಗೂ ಒಂದು ಹಂಪು, ಪ್ರತಿ ಮಳೆಗಾಲಕ್ಕೂ ಹೊಸ ಗುಂಡಿ. ತೆಳು ಪೈಪಿನ ಮೇಲೆ ಪರಿಚಿತ ವೆಲ್ಡರ್ ಹಾಕಿದ ಬೆಸುಗೆಯ ಪಕ್ಕದಲ್ಲೇ ಕೂದಲೆಳೆಯ ಬಿರುಕು ಶುರುವಾದರೆ ಪೇಂಟಿನ ಕೆಳಗೆ ಕಾಣುವುದಿಲ್ಲ. ಅದು ಗೊತ್ತಾಗುವುದು ಅರವತ್ತರ ವೇಗದಲ್ಲಿ.

ಕಾನೂನೂ ಅಲ್ಲೇ ನಿಂತಿದೆ. ತಯಾರಕರು ನಮೂದಿಸಿದ ಮೂಲ ವಿವರಗಳಿಗೂ ಆರ್.ಸಿ.ಯ ವಿವರಗಳಿಗೂ ವ್ಯತ್ಯಾಸ ಬರುವಂತೆ ವಾಹನವನ್ನು ಮಾರ್ಪಡಿಸಬಾರದು ಎಂದು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಹೇಳುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಹದಿನೈದು ವರ್ಷ ದಾಟಿದ ಗಾಡಿಯ ನೋಂದಣಿಯನ್ನು ಐದೈದು ವರ್ಷಕ್ಕೊಮ್ಮೆ ಹಾಸನದ ಆರ್‌.ಟಿ.ಒ.ದಲ್ಲಿ ನವೀಕರಿಸಲೇಬೇಕು. ಹ್ಯಾಂಡಲಿನ ಕುತ್ತಿಗೆಯ ಮೇಲೆ ಕೊರೆದ ಚಾಸಿಸ್ ನಂಬರಿಗೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿದಾಗ ಅಂಕಿಗಳು ಒಂದೊಂದಾಗಿ ಮೂಡಬೇಕು, ಅದರ ಹಿಂದಿನ ಚಾಸಿಸ್ ಪೂರ್ತಿ ಇರಬೇಕು. ಇನ್ನೊಂದು ವಿಷಯವಿದೆ. 2021ರಲ್ಲಿ ಬಂದ ಕೇಂದ್ರದ ನಿಯಮದಂತೆ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಚಾಸಿಸ್, ಮೈ, ಎಂಜಿನ್ ಬದಲಾಗದ ಬೈಕು ವಿಂಟೇಜ್ ಎನಿಸಿಕೊಳ್ಳಬಹುದು. ದಿನದ ಓಡಾಟಕ್ಕೆ ಆ ನೋಂದಣಿ ಬರುವುದಿಲ್ಲ, ಬೇಡದವರಿಗೆ ಬೇಡ. ಆದರೆ 1970ರ ದಶಕದ ಯೆಜ್ಡಿಗಳು ಒಂದೊಂದಾಗಿ ಆ ವಯಸ್ಸು ಮುಟ್ಟುತ್ತಿರುವ ಕಾಲ ಇದು. ಈಗ ಕಡಿದರೆ ಆ ಬಾಗಿಲು ನಿಮಗೂ ಮುಚ್ಚಿತು, ನಿಮ್ಮ ನಂತರ ಇದನ್ನು ಓಡಿಸುವವರಿಗೂ ಮುಚ್ಚಿತು.

ಒದ್ದೆ ಬಟ್ಟೆ ತೆಗೆದುಕೊಳ್ಳಿ. ಗೆರೆ ಒರೆಸಿ.

ಬ್ಯಾರನ್ನಿನಿಂದ ತಂದ ತುಕ್ಕು ಮಡ್‌ಗಾರ್ಡ್ ಎತ್ತಿ ವೈಸಿಗೆ ಕಚ್ಚಿಸಿ. ಈಗ ಒತ್ತಿ ಸ್ವಿಚ್. ಗ್ರೈಂಡರ್ ಕಿರುಚುತ್ತದೆ, ಕಿಡಿಗಳ ಧಾರೆ ಅಂಗಳದ ಕಲ್ಲಿಗೆ ಹಾರುತ್ತದೆ, ಹಲ್ಲಿನ ಬೇರು ನಡುಗುತ್ತದೆ. ನಂಬರ್ ಪ್ಲೇಟಿಗೂ ಹಿಂದಿನ ದೀಪಕ್ಕೂ ಜಾಗ ಉಳಿಯುವಷ್ಟು ಬಿಟ್ಟು ಉಳಿದದ್ದನ್ನು ತೆಗೆಯಿರಿ. ಅಂಚನ್ನು ಅರದಿಂದ ಉಜ್ಜಿ ದುಂಡಗೆ ಮಾಡಿ. ಮೂಲ ಮಡ್‌ಗಾರ್ಡ್ ಎಣ್ಣೆ ಸವರಿಕೊಂಡು ಗೋಣಿಯೊಳಗೆ ಅಟ್ಟ ಏರುತ್ತದೆ. ಸ್ಪ್ರಿಂಗ್ ಸೀಟಿಗೆ ಒಂದು ಪಟ್ಟಿ, ಎರಡು ಬೋಲ್ಟ್, ಚಾಸಿಸ್ಸಿನಲ್ಲಿ ಇರುವ ತೂತಿಗೇ ಬಿಗಿ. ಹೊಸ ತೂತು ಒಂದೂ ಇಲ್ಲ. ಚೈನಿನ ಮುಚ್ಚಳ ತೆಗೆದರೆ ಚೈನ್ ಬಯಲಾಗಿ ಬಾಬರ್ ಇನ್ನಷ್ಟು ಚೆಂದ ಎಂದು ಕಣ್ಣು ಹೇಳುತ್ತದೆ. ಜಾವಾ, ಯೆಜ್ಡಿಗಳ ಚೈನ್ ಪೂರ್ತಿ ಡಬ್ಬಿಯೊಳಗೆ ಓಡುವಂತೆ ಮಾಡಿದ್ದು ಸುಮ್ಮನಲ್ಲ. ಈ ಸೀಮೆಯ ಕೆಂಪು ಕೆಸರಿನಲ್ಲಿ ಬಯಲು ಚೈನ್ ಒಂದು ಮಳೆಗಾಲಕ್ಕೆ ಅರ್ಧ ಸವೆಯುತ್ತದೆ. ಮುಚ್ಚಳ ಇರಲಿ. ಮುಂದಿನ ಮಡ್‌ಗಾರ್ಡೂ ಇರಲಿ. ಅದಿಲ್ಲದೆ ಒಮ್ಮೆ ಒದ್ದೆ ರಸ್ತೆಯಲ್ಲಿ ಹೋದರೆ ಕಣ್ಣು, ಬಾಯಿ, ಹೆಡ್‌ಲೈಟ್ ಎಲ್ಲಕ್ಕೂ ಮಣ್ಣು ಮೆತ್ತುತ್ತದೆ.

ಒಂದು ಆಸೆ ಮಾತ್ರ ಬಿಡುವುದಿಲ್ಲ. ಸೀಟಿನ ಕೆಳಗಿನ ಏರ್ ಫಿಲ್ಟರ್ ಡಬ್ಬಿ. ಅದನ್ನು ತೆಗೆದರೆ ಅಲ್ಲಿ ಬಯಲು, ಆಚೆ ಬದಿಯ ಬೆಳಕು ಈಚೆಗೆ ಕಾಣುತ್ತದೆ. ಬಾಬರಿನ ಜೀವವೇ ಆ ಬಯಲು. ಕಾರ್ಬೊರೇಟರಿನ ಬಾಯಿಗೆ ಚಿಕ್ಕದೊಂದು ಕೋನ್ ಫಿಲ್ಟರ್ ಸಿಕ್ಕಿಸಿ ದೂರ ನಿಂತು ನೋಡುತ್ತೀರಿ. ಎದೆ ತುಂಬುತ್ತದೆ. ಕೈ ಹೆಲ್ಮೆಟ್ಟಿನತ್ತ ಹೋಗುತ್ತದೆ.

ಮುಂಜಾನೆ. ಹೇಮಾವತಿ ಸೇತುವೆಯ ಮೇಲೆ ಮಂಜು, ಕೆಳಗೆ ನೀರಿನ ಸದ್ದು. ಸೇತುವೆ ದಾಟಿ ಚನ್ನರಾಯಪಟ್ಟಣದ ರಸ್ತೆ ಹಿಡಿಯಿರಿ. ಸ್ಪ್ರಿಂಗ್ ಸೀಟು ಪ್ರತಿ ಉಬ್ಬಿಗೂ ಎತ್ತಿ ಇಳಿಸುತ್ತದೆ. ಸೊಂಟ ಮೊದಲಿಗಿಂತ ತಗ್ಗಿನಲ್ಲಿದೆ, ಮಂಡಿಗಳು ಟ್ಯಾಂಕನ್ನು ಅಪ್ಪಿವೆ, ರಸ್ತೆ ಹತ್ತಿರವಾಗಿದೆ. ಎರಡೂ ಕಡೆ ತೆಂಗಿನ ತೋಟ, ನೆರಳು ಬೆಳಕು ನೆರಳು. ಹೊಸ ಬೋರಿಗೆ ಆತುರ ಕೂಡದು ಎಂದು ನಲವತ್ತರಲ್ಲೇ ಹೋಗುತ್ತೀರಿ. ಸ್ವಲ್ಪ ದೂರ ಕಳೆದ ಮೇಲೆ ಕೈ ತಾನಾಗಿ ತಿರುಗುತ್ತದೆ. ಐವತ್ತು. ಐವತ್ತೈದು. ಎಂಜಿನ್ ಎಂದಿಗಿಂತ ಹಗುರಾಗಿ, ಚುರುಕಾಗಿ ಏರುತ್ತಿದೆ. ಎಷ್ಟು ಚುರುಕು ಎಂದು ಖುಷಿ ಪಡುತ್ತೀರಿ. ಆ ಚುರುಕೇ ಎಚ್ಚರಿಕೆ, ಆದರೆ ಖುಷಿಯಲ್ಲಿರುವ ಕಿವಿಗೆ ಅದು ಕೇಳುವುದಿಲ್ಲ.

ಏರು ಬಂತು. ಥ್ರಾಟಲ್ ಇನ್ನಷ್ಟು. ಸದ್ದು ಬದಲಾಯಿತು. ಡುಗುಡುಗು ಗಟ್ಟಿಯಾಗಿ, ಒಣಗಿ, ಲೋಹದ ಕಿಣಿಕಿಣಿ ಸೇರಿತು. ಮೀನಖಂಡಕ್ಕೆ ಬಿಸಿ ತಾಗುತ್ತಿದೆ. ಗಾಡಿ ಭಾರವಾಯಿತು. ಹಿಂದಿನಿಂದ ಯಾರೋ ಹಿಡಿದೆಳೆದ ಭಾವ. ಥ್ರಾಟಲ್ ಅಷ್ಟೇ ಇದೆ, ವೇಗ ಇಳಿಯುತ್ತಿದೆ. ಈಗ. ಕ್ಲಚ್! ಎಡಗೈಯ ನಾಲ್ಕೂ ಬೆರಳು ಲಿವರನ್ನು ಹ್ಯಾಂಡಲಿಗೆ ಒತ್ತಿದವು. ಹಿಂದಿನ ಟೈರ್ ಒಂದು ಗಳಿಗೆ ಕಿರುಚಿ ಬಾಲ ಎಡಕ್ಕೆ ಜಾರಿತು. ಮಂಡಿ ಬಿಗಿ. ಹ್ಯಾಂಡಲ್ ನೇರ. ಬ್ರೇಕ್ ಮುಟ್ಟಬೇಡಿ. ಟೈರ್ ಮತ್ತೆ ಉರುಳಿತು. ಎಂಜಿನ್ ಸತ್ತಿದೆ. ಹಿಂದೆ ಲಾರಿಯ ಹಾರನ್, ಉದ್ದ, ಹತ್ತಿರ, ಇನ್ನೂ ಹತ್ತಿರ. ಎಡಕ್ಕೆ, ರಸ್ತೆಯಂಚಿಗೆ, ಮಣ್ಣಿಗೆ. ಲಾರಿಯ ಗಾಳಿ ಅಂಗಿಯನ್ನು ಬೆನ್ನಿಗೆ ಹೊಡೆದು ಹೋಯಿತು.

ಕಾಲು ಊರಿದ ಮೇಲೆ ತೊಡೆಗಳು ನಡುಗತೊಡಗುತ್ತವೆ. ಕ್ಲಚ್ ಬಿಡಲು ಬೆರಳಿಗೆ ಗೊತ್ತಾಗುತ್ತಿಲ್ಲ, ಒಂದೊಂದಾಗಿ ಬಿಡಿಸಬೇಕು. ಸಿಲಿಂಡರ್ ಟಿಕ್ ಟಿಕ್ ಎಂದು ತಣಿಯುವ ಸದ್ದು ಮಾಡುತ್ತಿದೆ. ಪಕ್ಕದಲ್ಲಿ ಹರಿಯುವ ಕಾಲುವೆಯ ನೀರು ಕಾಣುತ್ತದೆ, ಹಾಕಬೇಡಿ. ಕಾದ ಎರಕದ ಕಬ್ಬಿಣಕ್ಕೆ ತಣ್ಣೀರು ಬಿದ್ದರೆ ಸೀಳುತ್ತದೆ. ತೆಂಗಿನ ಬುಡದಲ್ಲಿ ಕೂತು ಕಾಯಿರಿ.

ಆಗಿದ್ದೇನೆಂದು ಪ್ಲಗ್ ಹೇಳುತ್ತದೆ. ಬಟ್ಟೆಯಲ್ಲಿ ಹಿಡಿದು ಬಿಚ್ಚಿ ನೋಡಿ. ಸರಿಯಾದ ಎಂಜಿನ್ನಿನ ಪ್ಲಗ್ ತುದಿ ಕಾಫಿಬಣ್ಣಕ್ಕಿರುತ್ತದೆ. ಪೆಟ್ರೋಲ್ ಹೆಚ್ಚಾದರೆ ಕಪ್ಪು ಮಸಿ. ನಿಮ್ಮದು ಬಿಳಿಚಿಕೊಂಡಿದೆ. ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ. ಮೂಲ ಫಿಲ್ಟರ್ ಡಬ್ಬಿ ಗಾಳಿಗೆ ಎಷ್ಟು ತಡೆ ಕೊಡುತ್ತದೋ ಅದನ್ನು ಲೆಕ್ಕ ಹಾಕಿಯೇ ಕಾರ್ಬೊರೇಟರಿನ ಜೆಟ್ ಅಳತೆ ಮಾಡಿದ್ದರು. ಡಬ್ಬಿ ಹೋದಾಗ ತಡೆ ಹೋಯಿತು, ಜೆಟ್ ಹಳೆಯದೇ ಉಳಿಯಿತು. ತೆಳುವಾದ ಮಿಶ್ರಣ ಹೆಚ್ಚು ಬಿಸಿಯಾಗಿ ಉರಿಯುತ್ತದೆ. ಪೆಟ್ರೋಲ್ ಕಡಿಮೆಯಾದರೆ ಅದರ ಜೊತೆ ಬರುವ ಎಣ್ಣೆಯೂ ಕಡಿಮೆ. ಅಲ್ಯೂಮಿನಿಯಂ ಪಿಸ್ಟನ್ ಎರಕದ ಸಿಲಿಂಡರಿಗಿಂತ ಬೇಗ ಹಿಗ್ಗುತ್ತದೆ. ಬಿಸಿ, ಒಣಗು, ಹಿಗ್ಗು, ಜಾಮ್. ಕ್ಲಚ್ ಹಿಡಿಯುವುದು ಅರೆಗಳಿಗೆ ತಡವಾಗಿದ್ದರೆ ಹಿಂದಿನ ಚಕ್ರ ಕಚ್ಚಿ ನಿಲ್ಲುತ್ತಿತ್ತು, ನೀವು ಲಾರಿಯ ದಾರಿಯಲ್ಲಿ ಬೀಳುತ್ತಿದ್ದಿರಿ. ಹಳೇ ಟು-ಸ್ಟ್ರೋಕ್ ಓಡಿಸುವವರು ಎರಡು ಬೆರಳನ್ನು ಸದಾ ಕ್ಲಚ್ಚಿನ ಮೇಲಿಡುವುದು ಇದಕ್ಕೇ.

ದಾರಿಯಲ್ಲಿ ನಿಂತ ಹಿರಿಯ ಮೆಕ್ಯಾನಿಕ್ ಒಬ್ಬರು ತಮ್ಮ ಟಿವಿಎಸ್ ಆಫ್ ಮಾಡಿ ಇಳಿದು ಬಂದು ಬಗ್ಗಿ ನೋಡುತ್ತಾರೆ. ಕೋನ್ ಫಿಲ್ಟರನ್ನು ಬೆರಳಲ್ಲಿ ತಟ್ಟುತ್ತಾರೆ. "ಗಾಳಿ ಜಾಸ್ತಿ ಕುಡೀತಾ ಅದೆ ಸಾರ್. ಡಬ್ಬ ಎಲ್ಲಿ?" ಆಮೇಲೆ ಲಿವರ್ ಎತ್ತಿ ಕೈಯಿಂದಲೇ ಮೆಲ್ಲಗೆ ಒತ್ತುತ್ತಾರೆ. ಕಿವಿ ಸಿಲಿಂಡರಿಗೆ ಹತ್ತಿರ. ಪಿಸ್ಟನ್ ಅಲುಗಿತು. ಬಿಟ್ಟುಕೊಂಡಿದೆ. ಸ್ವಲ್ಪ ಗೀರು ಬಿದ್ದಿರಬಹುದು, ನಿಧಾನವಾಗಿ ಮನೆ ಸೇರುತ್ತದೆ ಎನ್ನುತ್ತಾರೆ. ಮೂವತ್ತರ ವೇಗದಲ್ಲಿ, ಚೋಕ್ ಅರ್ಧ ಎಳೆದು ಪೆಟ್ರೋಲ್ ಹೆಚ್ಚು ಹೋಗುವ ಹಾಗೆ ಮಾಡಿ, ಅದೇ ಸೇತುವೆಯ ಮೇಲೆ ವಾಪಸು ಬರುತ್ತೀರಿ. ಇಡೀ ದಾರಿ ಕಿವಿ ಎಂಜಿನ್ನಿನಲ್ಲಿ, ಬೆರಳು ಕ್ಲಚ್ಚಿನಲ್ಲಿ.

ಮನೆಯಲ್ಲಿ ಸಿಲಿಂಡರ್ ಮತ್ತೆ ಬಿಚ್ಚುತ್ತೀರಿ. ಪಿಸ್ಟನ್ನಿನ ಹೊಗೆ ಹೋಗುವ ಕಡೆಯ ಪಕ್ಕದಲ್ಲಿ ಎರಡು ಉದ್ದ ಗೀರು. ನಯವಾದ ಎಮರಿಯಲ್ಲಿ, ಎಣ್ಣೆ ಹಾಕಿ, ಉಬ್ಬಿದ ಅಲ್ಯೂಮಿನಿಯಂ ಮಾತ್ರ ಹೋಗುವಂತೆ ಉಜ್ಜುತ್ತೀರಿ. ರಿಂಗ್ ಸಿಕ್ಕಿಕೊಂಡಿಲ್ಲ. ಬಚಾವ್. ಎದುರಿಗೆ ಎರಡು ದಾರಿಯಿವೆ. ಒಂದು, ಕೋನ್ ಫಿಲ್ಟರ್ ಇಟ್ಟುಕೊಂಡು ದೊಡ್ಡ ಜೆಟ್ ಹುಡುಕುವುದು, ಒಂದೊಂದು ಅಳತೆ ಹಾಕಿ ಓಡಿಸಿ ಪ್ಲಗ್ ನೋಡುವುದು. ಮಾಡುವವರು ಮಾಡುತ್ತಾರೆ, ತಪ್ಪಲ್ಲ. ಆದರೆ ಮಳೆಯಲ್ಲಿ ಬಯಲು ಫಿಲ್ಟರ್ ನೀರು ಕುಡಿಯುತ್ತದೆ, ಬೇಸಿಗೆಯಲ್ಲಿ ಶುಂಠಿ ಹೊಲದ ಧೂಳು ಕುಡಿಯುತ್ತದೆ. ಇನ್ನೊಂದು, ಡಬ್ಬಿಯನ್ನು ವಾಪಸು ಹಾಕುವುದು. ನೀವು ಡಬ್ಬಿಗೆ ಮಬ್ಬುಗಪ್ಪು ಬಣ್ಣ ಬಳಿದು ಸೀಟಿನ ನೆರಳಿಗೆ ಸೇರಿಸುತ್ತೀರಿ. ನಾಲ್ಕು ಹೆಜ್ಜೆ ದೂರದಿಂದ ಅದು ಕಾಣುವುದಿಲ್ಲ. ಬಯಲು ಇದೆಯೆಂದೇ ಕಣ್ಣು ನಂಬುತ್ತದೆ, ಎಂಜಿನ್ನಿಗೆ ಬೇಕಾದ ಗಾಳಿ ಅಳತೆಯಲ್ಲಿ ಸಿಗುತ್ತದೆ.

ಈಗ ಅದೇ ಏರು, ಅದೇ ತೆಂಗಿನ ಸಾಲು. ಐವತ್ತೈದರಲ್ಲಿ ಸದ್ದು ದುಂಡಗೆ, ತುಂಬಿಕೊಂಡು ಬರುತ್ತದೆ. ಚನ್ನರಾಯಪಟ್ಟಣದಲ್ಲಿ ಇಳಿದು ಪ್ಲಗ್ ಬಿಚ್ಚುತ್ತೀರಿ. ಕಾಫಿಬಣ್ಣ.

ಪ್ರತಿ ವರ್ಷ ಜುಲೈ ತಿಂಗಳ ಎರಡನೇ ಭಾನುವಾರ ಜಾವಾ-ಯೆಜ್ಡಿ ದಿನ. ಅಂದು ಮೈಸೂರಿನ ಕಡೆ ಹೊರಟರೆ ಈ ಗಾಡಿಯೂ ಸಾಲಿನಲ್ಲಿ ನಿಲ್ಲಬಹುದು. ಬಾಬರ್ ಬೇಸರವಾದ ದಿನ ಅಟ್ಟದ ಗೋಣಿ ಇಳಿಸಿ, ಒಂದು ಮಧ್ಯಾಹ್ನದಲ್ಲಿ ಮತ್ತೆ ಯಾದವಗಿರಿಯಿಂದ ಹೊರಬಂದ ರೂಪಕ್ಕೆ ತರಬಹುದು. ನಟ್ಟು ಬೋಲ್ಟಿನಲ್ಲಿ ಮಾಡಿದ್ದೆಲ್ಲ ನಟ್ಟು ಬೋಲ್ಟಿನಲ್ಲೇ ಹಿಂದಿರುಗುತ್ತದೆ.

ಕೊನೆಗೊಂದು ಕೋರಿಕೆ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಅಟ್ಟ, ಕೊಟ್ಟಿಗೆ, ಬ್ಯಾರನ್ನುಗಳಲ್ಲಿ ಇನ್ನೂ ಯೆಜ್ಡಿಯ ಬಿಡಿಭಾಗಗಳಿವೆ. ಮಡ್‌ಗಾರ್ಡ್, ಚೈನ್ ಡಬ್ಬಿ, ಫಿಲ್ಟರ್ ಡಬ್ಬಿ, ತುಕ್ಕು ಹಿಡಿದ ಸೈಲೆನ್ಸರ್. ಕಿಲೋ ಲೆಕ್ಕದಲ್ಲಿ ಗುಜರಿಗೆ ಹಾಕುವ ಮೊದಲು ನಿಮ್ಮೂರಿನಲ್ಲಿ ಯೆಜ್ಡಿ ಓಡಿಸುವ ಯಾರನ್ನಾದರೂ ಒಂದು ಮಾತು ಕೇಳಿ. ಆ ಕಾರ್ಖಾನೆಯಿಂದ ಇನ್ನೊಂದು ಬರುವುದಿಲ್ಲ.